ಅನಾಥ ಶ್ವಾನಗಳೂ ಗೃಹಸ್ಥರ ಹೊಣೆಯೂ

ನಮ್ಮ ಬಡಾವಣೆಯಲ್ಲಿ ಆರು ವರ್ಷಗಳಿಂದ ವಾಸವಾಗಿದ್ದ ಸರಕಾರಿ ಅಧಿಕಾರಿಗಳೊಬ್ಬರಿಗೆ ಕಳೆದ ಬೇಸಗೆಯಲ್ಲಿ ದೂರದ ಜಿಲ್ಲೆಯೊಂದಕ್ಕೆ ವರ್ಗವಾಯಿತು. ಸಾಮಾನು ಸಾಗಿಸುವ ಲಾರಿಯು ಬೆಳಗಿನ ಏಳು ಗಂಟೆಗೇ ಬಂದು ಬಾಗಿಲಲ್ಲಿ ನಿಂತಿತು. ಮಂಚ, ಬೀರು, ಹಾಸಿಗೆಯ ಸುರುಳಿಗಳು, ಪಾತ್ರೆಗಳ ಮೂಟೆಗಳು, ಕಟ್ಟಕಡೆಗೆ ಅಂಗಳದ ತುಳಸಿಯ ಕುಂಡವೂ ಕೂಡ ಲಾರಿಯನ್ನೇರಿದುವು. ಏರದೆ ಉಳಿದುದು ಮನೆಯ ನಾಯಿಯೊಂದೇ. ಆ ಮಹನೀಯರು ನಿರ್ದಯರೆಂದು ಹೇಳಲು ನಮಗೆ ಮನಸ್ಸಿಲ್ಲ. ಹಾಲು ಹಾಕುವ ಹುಡುಗನ ಕೈಗೆ ಐದು ನೂರು ರೂಪಾಯಿಗಳನ್ನು ಕೊಟ್ಟು, 'ಸ್ವಲ್ಪ ನೋಡಿಕೊಳ್ಳಪ್ಪ' ಎಂದು ಹೇಳಿಯೇ ಅವರು ಹೊರಟರು. ಅವರ ಕಿರಿಯ ಮಗಳು ಕಾರಿನಲ್ಲಿ ಕುಳಿತು ಅಳುತ್ತಿದ್ದುದನ್ನು ನಾವೇ ಕಂಡೆವು. ಹೊಸ ಊರಿನಲ್ಲಿ ಗೊತ್ತುಮಾಡಿದ್ದ ಮನೆಯ ಯಜಮಾನರು ನಾಯಿ ಕೂಡದೆಂದಿದ್ದರಂತೆ.

ನಾಯಿಯು ಒಂಬತ್ತು ದಿನ ಆ ಗೇಟಿನ ಮುಂದೆಯೇ ಬಿದ್ದುಕೊಂಡಿತ್ತು. ಎದುರುಮನೆಯವರು ಹಾಕಿದ ಅನ್ನವನ್ನು ಮೂಸಿ ನೋಡಿ ಬಿಡುತ್ತಿತ್ತು. ಹೊಸದಾಗಿ ಬಂದ ಬಾಡಿಗೆದಾರರ ಮನೆಯಲ್ಲಿ ಹಸುಗೂಸಿತ್ತು. ಅವರು ಅಂಜಿದುದೂ ಸಹಜವೇ. ಮೊದಲು ಗದರಿದರು, ಆಮೇಲೆ ನೀರೆರಚಿದರು, ಕೊನೆಗೆ ಕಲ್ಲನ್ನೂ ಎತ್ತಿದರು. ಹತ್ತನೆಯ ದಿನ ಬೀದಿಯ ಹೆಂಗಸರೇ ಕೂಡಿ ನಗರದ ಹೊರಗಿರುವ ಪ್ರಾಣಿಗಳ ಆಶ್ರಯಧಾಮಕ್ಕೆ ದೂರವಾಣಿಯಲ್ಲಿ ತಿಳಿಸಲು, ಅಲ್ಲಿಯ ವಾಹನ ಬಂದು ಅದನ್ನು ಕರೆದೊಯ್ದಿತು. ಹಾಲಿನ ಹುಡುಗನು ಐದು ನೂರನ್ನು ಏನು ಮಾಡಿದನೆಂದು ನಾವು ಕೇಳಲಿಲ್ಲ.

ಹದಿನೈದು ದಿನಗಳ ಬಳಿಕ ಅದನ್ನು ನೋಡಿ ಬರೋಣವೆಂದು ನಾವು ಆ ಆಶ್ರಯಧಾಮಕ್ಕೆ ಹೋದೆವು. ಅಲ್ಲಿ ಕಾಣುವುದು ಕೇವಲ ಲಾರಿಗೆ ಸಿಕ್ಕಿ ಕಾಲು ಮುರಿದ, ಕಜ್ಜಿ ಹತ್ತಿ ಕೂದಲುದುರಿದ ಬೀದಿಯ ನಾಯಿಗಳು ಎಂಬುದಾಗಿ ನಾವು ಎಣಿಸಿದ್ದೆವು. ಅಂಥವೂ ಇದ್ದುವು, ನಿಜ. ಆದರೆ ಸಾಲು ಸಾಲು ಗೂಡುಗಳನ್ನು ದಾಟುತ್ತ ಹೋದಂತೆ ಕೊರಳಲ್ಲಿ ಪಟ್ಟಿಯ ಗುರುತು ಮಾಸದೆ ಉಳಿದಿದ್ದ ನಾಯಿಗಳೇ ಕಣ್ಣಿಗೆ ಹೆಚ್ಚಾಗಿ ಬಿದ್ದುವು. ಲ್ಯಾಬ್ರಡಾರ್ ಒಂದು, ಕುರುಡಾಗಿತ್ತು. ಸೈಬೀರಿಯದ ಹಿಮದಲ್ಲಿ ಬಂಡಿ ಎಳೆಯಲೆಂದು ಬೆಳೆಸಿದ ಹಸ್ಕಿ ಎಂಬ ಜಾತಿಯದೊಂದು ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒದ್ದೆ ಗೋಣಿಯ ಮೇಲೆ ಮಲಗಿ ಏದುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಪಗ್ ಎಂಬ ಚಪ್ಪಟೆ ಮೂಗಿನ ನಾಯಿಗಳೆರಡು ಗೊರಕೆಯಂತಹ ಉಸಿರೆಳೆಯುತ್ತಿದ್ದುವು. 2003ರಲ್ಲಿ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆದುಹೋದ ಆ ಜಾತಿಯ ನಾಯಿಯನ್ನು ವಾಚಕರು ಮರೆತಿರಲಾರರು. ಜಾಹೀರಾತು ನಿಂತು ವರ್ಷಗಳಾದುವು. ಅದನ್ನು ನೋಡಿ ಹಬ್ಬಿದ ಷೋಕಿಯ ಫಲವನ್ನು ಇಂಥ ಗೂಡುಗಳು ಇನ್ನೂ ಉಣ್ಣುತ್ತಿವೆ.

ಇವೆಲ್ಲ ಹಣ ಕೊಟ್ಟು ಕೊಂಡ ನಾಯಿಗಳು. ಮಗುವಿನ ಹುಟ್ಟುಹಬ್ಬಕ್ಕೆಂದು ಕೊಂಡವು, ನೆರೆಯವರಲ್ಲಿದೆಯೆಂದು ಕೊಂಡವು, 2020ರ ಮಹಾಮಾರಿಯ ಕಾಲದಲ್ಲಿ ಮನೆಯೊಳಗೆ ಕುಳಿತು ಬೇಸರವಾದುದರಿಂದ ತಂದು, ಕಚೇರಿಗಳು ತೆರೆದ ಮೇಲೆ ಬೇಡವಾದವು. ಬೀದಿಯಲ್ಲಿ ಹುಟ್ಟಿದ ನಾಯಿಗೆ ಬೀದಿಯ ವಿದ್ಯೆಯಾದರೂ ಗೊತ್ತು: ಯಾವ ಹೋಟೆಲಿನ ಹಿಂದೆ ಎಷ್ಟು ಗಂಟೆಗೆ ಎಂಜಲು ಬೀಳುವುದು, ಯಾವ ಬಸ್ಸಿಗೆ ದಾರಿ ಬಿಡಬೇಕು, ಯಾವ ಓಣಿಯ ನಾಯಿಗಳ ಗಡಿ ಎಲ್ಲಿ ಮುಗಿಯುವುದು. ಮನೆಯಲ್ಲಿ ಬೆಳೆದುದಕ್ಕೆ ಇದಾವುದೂ ತಿಳಿಯದು.

ಪ್ರಾಣಿದಯೆಯೆಂಬುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಗೋಗ್ರಾಸ, ಕಾಗೆಗೆ ಪಿಂಡ, ಇರುವೆಗೆ ಸಕ್ಕರೆ, ಇವನ್ನು ನಾವು ತಲೆತಲಾಂತರದಿಂದ ಬಲ್ಲೆವು. ಆದರೆ ಈ ದಯೆಯಲ್ಲಿ ಒಂದು ಕೊರತೆಯುಂಟು. ಅದು ಹೊಸ್ತಿಲಿನ ಆಚೆಗೆ ಕೈ ಚಾಚಿ ಕೊಡುವ ದಯೆ; ಕೊಟ್ಟ ಮರುಕ್ಷಣವೇ ಬಾಗಿಲು ಮುಚ್ಚಿಕೊಳ್ಳುವ ದಯೆ. ರೊಟ್ಟಿಯ ಚೂರನ್ನೆಸೆದವನಿಗೆ ಪುಣ್ಯ ಬಂದಿತು. ಆ ನಾಯಿಗೆ ಲಸಿಕೆ ಹಾಕಿದವರಾರು, ಅದು ಈದ ಆರು ಮರಿಗಳಿಗೆ ದಿಕ್ಕಾರು, ನಾಳೆ ಅದು ಶಾಲೆಯ ಹುಡುಗನನ್ನು ಕಚ್ಚಿದರೆ ಉತ್ತರವಾದಿಯಾರು ಎಂಬ ಪ್ರಶ್ನೆಗಳಿಗೆ ಅವನು ಕಿವಿಗೊಡುವುದಿಲ್ಲ.

ಈ ಮಾತನ್ನು ನಮಗಿಂತ ಎಷ್ಟೋ ಕಟುವಾಗಿ ಮಹಾತ್ಮಾ ಗಾಂಧಿಯವರು ಹೇಳಿದ್ದುಂಟು. 1926ರಲ್ಲಿ ಅಹಮದಾಬಾದಿನ ಗಿರಣಿಯ ಮಾಲಿಕರಾದ ಅಂಬಾಲಾಲ ಸಾರಾಭಾಯಿಯವರು ತಮ್ಮ ಗಿರಣಿಯ ಆವರಣದಲ್ಲಿ ಅಲೆಯುತ್ತಿದ್ದ ಅರವತ್ತು ನಾಯಿಗಳನ್ನು, ಹುಚ್ಚಿನ ಭಯದಿಂದ, ಕೊಲ್ಲಿಸಿದರು. ಊರಿನ ಜೀವದಯಾ ಮಂಡಲಿಯವರು ಕೆರಳಿದರು. ಗಾಂಧಿಯವರು ಮಾಲಿಕರನ್ನು ಖಂಡಿಸುವರೆಂದು ಎಲ್ಲರೂ ಎದುರು ನೋಡುತ್ತಿರಲು, ಅವರು 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಸಾಲಾಗಿ ಲೇಖನಗಳನ್ನು ಬರೆದು, ಬೇರೆ ಉಪಾಯವಿಲ್ಲದಾಗ ಹಾಗೆ ಮಾಡಿದುದು ತಪ್ಪಲ್ಲವೆಂದುಬಿಟ್ಟರು. ಕೋಪದ ಪತ್ರಗಳ ಮಳೆಯೇ ಸುರಿಯಿತು. ಆ ಗದ್ದಲದಲ್ಲಿ ಜನರು ಲೇಖನಗಳ ಅರ್ಧಭಾಗವನ್ನೇ ಕೇಳಿದರು. ಉಳಿದರ್ಧವು ಇನ್ನೂ ಮುಖ್ಯವಾದುದು. ಒಡೆಯನಿಲ್ಲದ ನಾಯಿಯು ಬೀದಿಯಲ್ಲಿ ಅಲೆಯುವುದೇ ಸಮಾಜದ ದಯೆಗೇಡಿತನಕ್ಕೆ ಗುರುತೆಂದೂ, ತುಣುಕು ಎಸೆದು ಮುಂದೆ ಸಾಗುವುದು ಅಹಿಂಸೆಯಲ್ಲವೆಂದೂ, ನಾಯಿಯ ಮೇಲೆ ಪ್ರೀತಿಯುಳ್ಳವರು ಅದನ್ನು ತಮ್ಮದಾಗಿಸಿಕೊಂಡು ಸಾಕಬೇಕು ಅಥವಾ ಸಾಕುವ ಸಂಸ್ಥೆಯನ್ನು ಪೋಷಿಸಬೇಕೆಂದೂ ಅವರ ಅಭಿಪ್ರಾಯವಾಗಿತ್ತು.

ಕೊಲ್ಲುವ ಮಾತನ್ನು ಇಂದು ನಾವು ಒಪ್ಪಬೇಕಾದುದಿಲ್ಲ. ಅಂದಿಗೂ ಇಂದಿಗೂ ಸಾಧನಗಳೇ ಬೇರೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಕಿವಿಯ ತುದಿಯನ್ನು ಗುರುತಿಗಾಗಿ ಕತ್ತರಿಸಿ, ಹಿಡಿದ ಸ್ಥಳದಲ್ಲಿಯೇ ನಾಯಿಯನ್ನು ಬಿಡುವ ಕ್ರಮವನ್ನು ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆಯವರು 1960ರ ದಶಕದಲ್ಲಿಯೇ ಮುಂದಿಟ್ಟಿದ್ದರು. ಕೇಂದ್ರ ಸರಕಾರವು 2001ರಲ್ಲಿ ಅದನ್ನೇ ನಿಯಮವಾಗಿ ಮಾಡಿ, 2023ರಲ್ಲಿ ತಿದ್ದಿ ಹೊಸದಾಗಿ ಹೊರಡಿಸಿತು. ಬೆಂಗಳೂರಿನಲ್ಲಿ ಆಗಿನ ಮಹಾನಗರ ಪಾಲಿಕೆಯವರು 2019ರಲ್ಲಿ ಎಣಿಸಿದಾಗ ಬೀದಿನಾಯಿಗಳು ಸುಮಾರು 3 ಲಕ್ಷ 10 ಸಾವಿರ ಇದ್ದುವು. 2023ರಲ್ಲಿ ಸುಮಾರು 2 ಲಕ್ಷ 79 ಸಾವಿರಕ್ಕೆ ಇಳಿದಿದ್ದುವು. ಇಳಿತವು ದೊಡ್ಡದಲ್ಲ, ಆದರೂ ಇಳಿತವೇ. ಅದೇ 2019ರ ಜಾನುವಾರು ಗಣತಿಯ ಮೇರೆಗೆ ಕರ್ನಾಟಕದಲ್ಲಿ ಬೀದಿನಾಯಿಗಳು 11 ಲಕ್ಷಕ್ಕೂ ಮಿಕ್ಕಿದ್ದುವು. ಇಷ್ಟನ್ನೂ ಮನೆಮನೆಗೆ ಹಂಚಿ ತೀರಿಸಬಹುದೆಂದು ನಾವು ಹೇಳುವವರಲ್ಲ. ಸಂಖ್ಯೆಯನ್ನು ಇಳಿಸತಕ್ಕದ್ದು ಶಸ್ತ್ರಚಿಕಿತ್ಸೆ. ರೋಗವನ್ನು ತಡೆಯತಕ್ಕದ್ದು ಲಸಿಕೆ. ಮನೆಗೆ ತರುವುದರಿಂದಾಗುವ ಪ್ರಯೋಜನ ಬೇರೆಯದು. ಆಶ್ರಯಧಾಮದ ಗೂಡುಗಳಿಗೆ ಮಿತಿಯುಂಟು. ಆರೋಗ್ಯವಾದ ನಾಯಿಯೊಂದು ಎರಡು ವರ್ಷ ಅಲ್ಲಿ ಕುಳಿತರೆ, ಆ ಎರಡು ವರ್ಷವೂ ಬೀದಿಯಲ್ಲಿ ಸೊಂಟ ಮುರಿದು ಬಿದ್ದ ಇನ್ನೊಂದಕ್ಕೆ 'ಜಾಗವಿಲ್ಲ' ಎಂಬ ಉತ್ತರವೇ ಗತಿ.

ಈ ಜಾಗದ ಪ್ರಶ್ನೆಯು ಈಚೆಗೆ ಮತ್ತಷ್ಟು ಬಿಗಿಯಾಗಿದೆ. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 11ರಂದು ದೆಹಲಿಯ ಪ್ರಾಂತದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದು ಆಜ್ಞಾಪಿಸಿ, ಅದೇ 22ರಂದು ಆ ಆಜ್ಞೆಯನ್ನು ಮಾರ್ಪಡಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ಹೊರತೆಗೆದು ಆಶ್ರಯಕ್ಕೆ ಸೇರಿಸಬೇಕೆಂದಿತು. ಈ ವಿಷಯದಲ್ಲಿ ಪರ ವಿರೋಧವಾಗಿ ಸಾಕಷ್ಟು ಕೂಗಾಟ ನಡೆಯಿತು. ಆದರೆ ಆಗಸ್ಟ್ 22ರ ಆಜ್ಞೆಯಲ್ಲಿದ್ದ ಒಂದು ಸಣ್ಣ ಕಂಡಿಕೆಯನ್ನು ಹೆಚ್ಚಿನವರು ಗಮನಿಸಿದಂತೆ ಕಾಣಲಿಲ್ಲ. ಪ್ರಾಣಿಪ್ರಿಯರು ಪುರಸಭೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡ ನಾಯಿಯು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ. ತೊಂಬತ್ತೊಂಬತ್ತು ವರ್ಷಗಳ ಹಿಂದೆ ಸಾಬರಮತಿಯಿಂದ ಬಂದ ಮಾತನ್ನೇ ನ್ಯಾಯಾಲಯವು ಕಾನೂನಿನ ಭಾಷೆಯಲ್ಲಿ ಹೇಳಿತೆನ್ನಬಹುದು.

ಇನ್ನು, ಸಾಕಿದ್ದನ್ನು ಬೀದಿಗೆ ಬಿಡುವವರ ವಿಚಾರ. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಮಾಡಿದ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು, ಹಸಿವು ನೀರಡಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದು ಹೋಗುವುದನ್ನು ಅಪರಾಧವೆಂದೇ ಹೇಳಿತು. ಮೊದಲ ಅಪರಾಧಕ್ಕೆ ಅದು ಗೊತ್ತುಮಾಡಿದ ದಂಡವು ಹತ್ತರಿಂದ ಐವತ್ತು ರೂಪಾಯಿ. ನಮ್ಮ ಬಡಾವಣೆಯ ಅಧಿಕಾರಿಗಳು ಹಾಲಿನ ಹುಡುಗನಿಗೆ ಕೊಟ್ಟದ್ದು ಅದರ ಹತ್ತು ಪಾಲು! ಕಾನೂನಿಗಿಂತ ಅವರೇ ಉದಾರಿಗಳೆನ್ನಬೇಕಾಗಿದೆ.

ಆಶ್ರಯಧಾಮದಿಂದ ನಾಯಿಯನ್ನು ತರಲು ಹೋದ ಗೌರವಸ್ಥರಿಗೆ ಅಲ್ಲಿಯ ವಿಚಾರಣೆಯು ಕೆಲವೊಮ್ಮೆ ಅಪಮಾನವೆನಿಸುವುದುಂಟು. ಸ್ವಂತ ಮನೆಯೋ ಬಾಡಿಗೆಯದೋ, ಬಾಡಿಗೆಯಾದರೆ ಯಜಮಾನರ ಒಪ್ಪಿಗೆ ಇದೆಯೋ, ಮನೆಯವರೆಲ್ಲರಿಗೂ ಸಮ್ಮತವೋ, ಹಗಲು ಹೊತ್ತು ಮನೆಯಲ್ಲಿರುವವರು ಯಾರು, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ಸರಪಳಿಯಲ್ಲಿ ಕಟ್ಟುವಿರೋ ಒಳಗೆ ಬಿಡುವಿರೋ, ಹೀಗೆ ಪ್ರಶ್ನೆಗಳು. ಆಮೇಲೆ ಮನೆಯನ್ನು ನೋಡಲು ಒಬ್ಬರು ಬರುವರು. ಸಂತಾನಹರಣ ಚಿಕಿತ್ಸೆ ಆಗದ ಮರಿಯಾದರೆ ವಯಸ್ಸು ಬಂದಾಗ ಮಾಡಿಸುವೆನೆಂದು, ಸಾಕಲಾರದಾದರೆ ಬೀದಿಗೆ ಬಿಡದೆ ಅಲ್ಲಿಗೇ ಮರಳಿಸುವೆನೆಂದು ಬರೆದುಕೊಡಬೇಕು. 'ಹೆಣ್ಣು ಕೊಡುವಾಗಲೂ ಇಷ್ಟು ವಿಚಾರಿಸುವುದಿಲ್ಲವಲ್ಲ!' ಎಂದು ನಮ್ಮೊಡನೆ ಬಂದಿದ್ದ ಮಿತ್ರರು ಸಿಡುಕಿದರು. ಹೆಣ್ಣು ಕೊಡುವಾಗ ವಿಚಾರಿಸದೆ ಕೆಟ್ಟ ಮನೆಗಳು ಎಷ್ಟಿವೆಯೆಂದು ಅವರಿಗೆ ನೆನಪುಮಾಡಬೇಕಾಯಿತು. ಇಷ್ಟು ಕೇಳಿದ ಮೇಲೂ ಹಿಂದಕ್ಕೆ ಬರುವ ನಾಯಿಗಳುಂಟು. ಅಂಥದೊಂದನ್ನು ಅಲ್ಲಿಯ ಮೇಲ್ವಿಚಾರಕಿಯು ನಮಗೆ ತೋರಿಸಿದರು. ಬಿಳಿಯ ಮೈಗೆ ಕಂದು ಮಚ್ಚೆ, ಎರಡು ವರ್ಷದ ಹೆಣ್ಣುನಾಯಿ. ಎರಡು ಮನೆಗಳಿಗೆ ಹೋಗಿ ಎರಡು ಬಾರಿ ಮರಳಿ ಬಂದಿತ್ತು. ಮೊದಲನೆಯವರಿಗೆ ಕೂದಲುದುರುವುದು ಸಹಿಸಲಿಲ್ಲವಂತೆ. ಎರಡನೆಯವರು ತಂದ ನಾಲ್ಕನೆಯ ದಿನವೇ, 'ನಮ್ಮೊಡನೆ ಹೊಂದಿಕೊಳ್ಳುವುದಿಲ್ಲ' ಎಂದು ಬಿಟ್ಟು ಹೋದರಂತೆ.

ನಾಲ್ಕು ದಿನಗಳಲ್ಲಿ ಹೊಂದಿಕೊಳ್ಳಬೇಕೆಂಬ ಅಪೇಕ್ಷೆಯು ಎಲ್ಲಿಂದ ಬಂದಿತೋ ತಿಳಿಯದು. ಗೂಡಿನಿಂದ ಮನೆಗೆ ಬಂದ ನಾಯಿಯು ಮೊದಮೊದಲು ಮಂಚದ ಕೆಳಗೆ ಅಡಗುವುದು, ಉಣ್ಣದಿರುವುದು, ಕಲಿತಿದ್ದ ಶೌಚದ ಅಭ್ಯಾಸವನ್ನೂ ಮರೆಯುವುದು ಸಾಮಾನ್ಯ. ಮನೆಯ ವೇಳೆಗಳನ್ನು ಅರಿಯಲು ಅದಕ್ಕೆ ಕೆಲವು ವಾರಗಳು ಬೇಕು. ಇದು ತನ್ನದೇ ಮನೆಯೆಂದು ನಂಬಲು ತಿಂಗಳುಗಳು ಬೇಕು. ಅಷ್ಟು ಕಾಲ ಅದನ್ನು ನೆಂಟರಿಗೆಲ್ಲ ತೋರಿಸುವ ಉತ್ಸಾಹವನ್ನು ಬಿಟ್ಟು ಒಂದು ಮೂಲೆ, ಒಂದು ಚಾಪೆ, ನಿಗದಿಯಾದ ಹೊತ್ತಿಗೆ ಊಟ ಇಷ್ಟನ್ನು ಕೊಟ್ಟರೆ ಸಾಕು. ಮನೆಯ ಹೆಸರನ್ನು ಬರೆದ ಬಿಲ್ಲೆಯನ್ನು ಮಾತ್ರ ಮೊದಲ ದಿನವೇ ಕೊರಳಿಗೆ ಕಟ್ಟಬೇಕು. ದೀಪಾವಳಿಯ ಪಟಾಕಿಗೆ ಬೆದರಿ ಓಡಿಹೋಗಿ ಮತ್ತೆ ಆಶ್ರಯಧಾಮಗಳನ್ನು ಸೇರುವ ಸಾಕುನಾಯಿಗಳು ಪ್ರತಿವರ್ಷವೂ ಉಂಟು.

ಊಟದ ವಿಷಯದಲ್ಲಿ ನಮ್ಮವರು ಡಬ್ಬಿಯ ಆಹಾರದ ಬೆಲೆ ಕೇಳಿ ಹಿಂಜರಿಯುವುದುಂಟು. ಅದೇ ಬೇಕೆಂಬ ನಿರ್ಬಂಧವಿಲ್ಲ. ಅನ್ನ ಅಥವಾ ರಾಗಿಯ ಗಂಜಿ, ಬೇಯಿಸಿದ ಮೊಟ್ಟೆ ಅಥವಾ ಮಾಂಸ, ಕುಂಬಳ ಕ್ಯಾರೆಟ್ಟುಗಳಂತಹ ತರಕಾರಿ, ಇವುಗಳ ಪ್ರಮಾಣವನ್ನು ಪಶುವೈದ್ಯರಿಂದ ಕೇಳಿ ತಿಳಿದುಕೊಂಡರೆ ಮನೆಯ ಅಡಿಗೆಯಲ್ಲಿಯೇ ನಡೆಯುವುದು. ನಾವು ಉಂಡುಳಿದ ಹುಳಿ ಸಾರುಗಳು ಮಾತ್ರ ಸಲ್ಲವು. ಈರುಳ್ಳಿಯು ನಾಯಿಯ ರಕ್ತವನ್ನು ಕೆಡಿಸುವುದು, ದ್ರಾಕ್ಷಿಯೂ ಚಾಕೊಲೇಟೂ ವಿಷಸಮಾನ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಪಾಸ್ಚರ್ ಪಂಡಿತನು ತೀರಿಕೊಂಡ ಸೆಪ್ಟೆಂಬರ್ 28ನೆಯ ದಿನವನ್ನು ರೇಬೀಸ್ ದಿನವೆಂದು ಆಚರಿಸುವ ಸಮಯದಲ್ಲಿ ಸರಕಾರಿ ಪಶು ಆಸ್ಪತ್ರೆಗಳು ಇದನ್ನು ಉಚಿತವಾಗಿ ಹಾಕುವುದುಂಟು. ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಒಮ್ಮೆ ತೋರಿದುವೆಂದರೆ ಉಳಿಯುವುದು ಬಹುಮಟ್ಟಿಗೆ ಇಲ್ಲವೇ ಇಲ್ಲವೆಂಬುದನ್ನು ನೆನೆದು, ಈ ಒಂದು ಲಸಿಕೆಯಲ್ಲಿ ಯಾರೂ ಸೋಮಾರಿತನ ಮಾಡಕೂಡದು.

ಆಶ್ರಯಧಾಮದಲ್ಲಿ ಬಂದವರು ಮೊದಲು ಕೇಳುವುದು ಜಾತಿನಾಯಿಯನ್ನೇ ಎಂದು ಆ ಮೇಲ್ವಿಚಾರಕಿಯು ನಗುತ್ತ ಹೇಳಿದರು. ಗೂಡುಗಳಲ್ಲಿ ಬಹುಪಾಲು ಇರುವುದಾದರೋ ನಮ್ಮ ನಾಡಿನ ನಾಯಿ, ಜನರು 'ಕಂತ್ರಿ' ಎಂದು ಕರೆಯತಕ್ಕದ್ದು. ಈ ಬೈಗಳು 'ದೇಶದ' ಎಂಬರ್ಥದ ಇಂಗ್ಲಿಷ್ ಶಬ್ದವಾದ 'ಕಂಟ್ರಿ'ಯಿಂದ ಬಂದಿತೆಂದು ಹೇಳುತ್ತಾರೆ. ಅಂದರೆ ದೊರೆಗಳು ತಮ್ಮ ನಾಯಿಗಳಿಂದ ಬೇರ್ಪಡಿಸಿ ಹೇಳಲು ಬಳಸಿದ ಮಾತನ್ನು, ದೊರೆಗಳು ಹೋಗಿ ಮುಕ್ಕಾಲು ಶತಮಾನ ಕಳೆದ ಮೇಲೆಯೂ ನಾವು ನಮ್ಮದಕ್ಕೆ ಬೈಗಳಾಗಿ ಉಳಿಸಿಕೊಂಡಿದ್ದೇವೆ! ಈ ನೆಲದ ಬಿಸಿಲಿಗೂ ಮಳೆಗೂ ಒಗ್ಗಿದ ಮೈ, ತೆಳ್ಳನೆಯ ಕೂದಲು, ಚುರುಕಾದ ಬುದ್ಧಿ, ವೈದ್ಯರ ಮನೆಗೆ ಪದೇ ಪದೇ ಎಳೆಯದ ಆರೋಗ್ಯ ಇವು ಅದರಲ್ಲಿರಲು, ಉಸಿರಾಡಲು ಕಷ್ಟಪಡುವ ಚಪ್ಪಟೆ ಮೂಗಿಗಾಗಿ ಸಾವಿರಗಟ್ಟಲೆ ಸುರಿಯುವುದು ಯಾವ ರಸಿಕತೆಯೋ ನಾವರಿಯೆವು.

ನಮ್ಮ ಹಿರಿಯರ ರುಚಿ ಹೀಗಿರಲಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಕ್ರಿ. ಶ. 949ರ ಸುಮಾರಿನ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಅರಸನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಆತನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಕೂಡಿಯೇ ಸತ್ತುವು. ಮಣಲೇರನು ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಅಲ್ಲಿಯ ಗೊರವನು ಉಣ್ಣಕೂಡದೆಂದು ಬರೆಯಿಸಿದನು. ಸಾವಿರ ವರ್ಷಗಳ ಹಿಂದಿನ ಈ ಗೃಹಸ್ಥನಿಗೆ, ತನ್ನದೆಂದು ಒಪ್ಪಿಕೊಂಡ ನಾಯಿಯ ಹೊಣೆಯು ಅದರ ಸಾವಿನೊಡನೆಯೂ ಮುಗಿಯಲಿಲ್ಲ.

ಮಡಿ ಮೈಲಿಗೆಯ ಮಾತನ್ನು ನಾವಿಲ್ಲಿ ಬೆಳೆಸುವುದಿಲ್ಲ; ಅದು ಅವರವರ ಮನೆಯ ವಿಚಾರ. ಆದರೆ ಯಾರು ನಾಯಿಯನ್ನು ತರಬಾರದೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ನಾಯಿ ಹನ್ನೆರಡು ಹದಿಮೂರು ವರ್ಷ ಬದುಕತಕ್ಕ ಪ್ರಾಣಿ. ಮಗುವು ಹಟ ಹಿಡಿದಿತೆಂದು ತರಬೇಡಿ. ಆ ಮಗುವು ಕಾಲೇಜಿಗೆ ಹೋದ ಮೇಲೂ ನಾಯಿ ನಿಮ್ಮದೇ. ಹಗಲೆಲ್ಲ ಬೀಗ ಹಾಕಿದ ಮನೆಗೆ ತರಬೇಡಿ. ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಹುದ್ದೆಯಲ್ಲಿರುವವರು, ಮುಂದಿನ ಊರಿನ ಮನೆಯನ್ನು ನಾಯಿಗೆ ಒಪ್ಪುವಂತಹುದನ್ನೇ ಹುಡುಕುವ ಮನೋಬಲವಿದ್ದರೆ ಮಾತ್ರ ತನ್ನಿ. ವರ್ಗದ ಮೇಲೆ ವರ್ಗವಾದರೂ ನಾಯಿಯನ್ನು ರೈಲಿನಲ್ಲಿಯೋ ಲಾರಿಯಲ್ಲಿಯೋ ಜತೆಗೇ ಕರೆದೊಯ್ದ ಅಧಿಕಾರಿಗಳನ್ನೂ ನಾವು ಬಲ್ಲೆವು. ಯಾವುದೂ ಕೂಡದವರು ಒಂದು ಗೂಡಿನ ತಿಂಗಳ ಖರ್ಚನ್ನು ವಹಿಸಿಕೊಳ್ಳಬಹುದು, ಅಥವಾ ಗಾಯ ಮಾಯುತ್ತಿರುವ ನಾಯಿಯೊಂದನ್ನು ಕೆಲವು ವಾರ ಮನೆಯಲ್ಲಿಟ್ಟುಕೊಂಡು ಮರಳಿಸಬಹುದು. ಬೆಕ್ಕಿನ ಮರಿಗಳಿಗೂ ಇದೇ ವ್ಯವಸ್ಥೆಯುಂಟು.

ವಯಸ್ಸಾದವರಿಗೆ ವಯಸ್ಸಾದ ನಾಯಿಯೇ ಮೇಲು. ನಿವೃತ್ತರಾದವರು ಮರಿಯನ್ನು ತಂದು ಅದರ ಹಿಂದೆ ಓಡಲಾರದೆ ಬಳಲುವುದನ್ನು ಕಂಡಿದ್ದೇವೆ. ಏಳೆಂಟು ವರ್ಷದ ನಾಯಿಯ ಸ್ವಭಾವವು ನಿಂತಿರುವುದು. ಅದಕ್ಕೆ ಬೇಕಾದುದು ಬೆಳಗು ಸಂಜೆ ಒಂದು ನಿಧಾನವಾದ ನಡಿಗೆ, ಒಂದು ಬೆಚ್ಚನೆಯ ಜಾಗ. ಗೂಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುವವೂ ಇವೇ.

ನಮ್ಮ ಬಡಾವಣೆಯ ನಾಯಿಯನ್ನು ಎಡಗಡೆಯ ಸಾಲಿನ ಕೊನೆಯ ಗೂಡಿನಲ್ಲಿಟ್ಟಿದ್ದರು. ನಮ್ಮನ್ನು ಗುರುತಿಸಿ ಬಾಲವಾಡಿಸಿತು. ಆಮೇಲೆ ನಮ್ಮ ಬೆನ್ನ ಹಿಂದೆ ಇನ್ನಾರಾದರೂ ಬರುವರೋ ಎಂಬಂತೆ ಕತ್ತು ಚಾಚಿ ಬಾಗಿಲ ಕಡೆಗೆ ನೋಡಿತು. ಈಗ ಉಣ್ಣತೊಡಗಿದೆಯಂತೆ. ಅದಕ್ಕೆ ಸುಮಾರು ಏಳು ವರ್ಷ, ನಾಡಿನ ಜಾತಿ, ಕಪ್ಪು ಬಣ್ಣ, ಎದೆಯ ಮೇಲೆ ಬಿಳಿಯ ಪಟ್ಟೆ, ಲಸಿಕೆಯೂ ಶಸ್ತ್ರಚಿಕಿತ್ಸೆಯೂ ಆಗಿವೆ, ಮಕ್ಕಳೊಡನೆ ಬೆಳೆದುದು. ಈ ಮಾತನ್ನು ಬರೆಯುವ ದಿನದವರೆಗೂ ಅದನ್ನು ಕೇಳಿಕೊಂಡು ಯಾರೂ ಹೋಗಿಲ್ಲ. ಭಾನುವಾರ ಅಲ್ಲಿ ಜನದ ಗಲಾಟೆ ಹೆಚ್ಚು, ನಾಯಿಗಳು ಬೆದರುತ್ತವೆ. ವಾರದ ನಡುವೆ ಬೆಳಗಿನ ಹತ್ತು ಗಂಟೆಯ ಮೇಲೆ, ಮನೆಯವರೆಲ್ಲರನ್ನೂ ಕೂಡಿಕೊಂಡು ಹೋದರೆ ಸಮಾಧಾನವಾಗಿ ನೋಡಬಹುದು.